ಉಗಾದಿಯಿಂದ ಉಗಾದಿಗೆ: ಹಲಗೇರಿ ಸೀಮೆಯಲ್ಲಿ ದುಡಿಮೆ ಮತ್ತು ಬಿಡುವು

ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿ ಮತ್ತು ಅದರ ಸುತ್ತಲಿನ ಹಾವೇರಿ, ಬ್ಯಾಡಗಿ ತಾಲ್ಲೂಕುಗಳ ಊರುಗಳು ಸೇರಿದ ಸೀಮೆಯಲ್ಲಿ ವರ್ಷವು ಎಲ್ಲರಿಗೂ ಒಂದೇ ದಿನ ಆರಂಭವಾಗುವುದಿಲ್ಲ. ಒಕ್ಕಲುತನದವರ ವರ್ಷ ಚೈತ್ರ ಶುದ್ಧ ಪಾಡ್ಯದ ಉಗಾದಿಗೆ ತೊಡಗಿದರೆ, ಪೇಟೆಯ ದಲಾಲರ ಮತ್ತು ವರ್ತಕರ ವರ್ಷ ದೀಪಾವಳಿಯಲ್ಲಿ ಹೊಸ ಖಾತೆಪುಸ್ತಕಕ್ಕೆ ಅರಿಸಿನ ಕುಂಕುಮ ಏರಿಸುವುದರೊಂದಿಗೆ ತೊಡಗುತ್ತದೆ. ಸರ್ಕಾರದ ಲೆಕ್ಕದ ವರ್ಷ 1867ರಿಂದ ಏಪ್ರಿಲ್ 1ಕ್ಕೆ ಆರಂಭವಾಗುತ್ತಿದ್ದು, ಗೋಡೆಯ ಕ್ಯಾಲೆಂಡರಿನ ವರ್ಷ ಜನವರಿ 1ಕ್ಕೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಕುಳಿತಲ್ಲೇ ಕುಳಿತಿರಬಾರದು, ಕೆಲಸವನ್ನು ಮನೆಗೆ ಹೊತ್ತು ತರಬಾರದು ಎಂಬಂಥ ಸಂಕಲ್ಪಗಳು ಇವುಗಳಲ್ಲಿ ಕೊನೆಯದರ ಜೊತೆಗೆ ಬಂದವು, ಮತ್ತು ಅವು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಮಾಡಿಕೊಳ್ಳುವ ನಿರ್ಧಾರಗಳು. ಈ ಸೀಮೆಯ ಹಳೆಯ ದುಡಿಮೆಯ ಕ್ರಮದಲ್ಲಿ ಅಂಥ ಒಂಟಿ ನಿರ್ಧಾರಕ್ಕೆ ಹೆಚ್ಚು ಜಾಗವಿರಲಿಲ್ಲ. ದುಡಿಯುವ ಮೈಗೆ ಎಂದು ಬಿಡುವು ಎಂಬುದನ್ನು ಊರು, ಪಂಚಾಂಗ ಮತ್ತು ಎತ್ತು ಸೇರಿ ಗೊತ್ತುಮಾಡುತ್ತಿದ್ದವು. ಆ ಕ್ರಮ ಯಾರನ್ನು ಕಾಯಿತು, ಯಾರನ್ನು ಕೈಬಿಟ್ಟಿತು, ಗಿರಣಿಯೂ ಕಾಯ್ದೆಯೂ ಪೇಟೆಯೂ ಬಂದ ಮೇಲೆ ಅದರಲ್ಲಿ ಉಳಿದದ್ದೇನು ಎಂಬ ಪ್ರಶ್ನೆಗಳು ಚರಿತ್ರೆಯ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿವೆ.

ಉಗಾದಿ ಇಲ್ಲಿ ಹಬ್ಬದ ದಿನವಾಗಿದ್ದಷ್ಟೇ ಕರಾರಿನ ದಿನವೂ ಆಗಿತ್ತು. ಹಿಂಗಾರಿ ಬಿಳಿಜೋಳ, ಕುಸುಬಿ, ಕಡಲೆಗಳ ಸುಗ್ಗಿ ಮುಗಿದು, ಹತ್ತಿ ಬಿಡಿಸುವ ಕೆಲಸವೂ ಕೊನೆಗೆ ಬಂದು, ಕಣಗಳು ಬರಿದಾಗಿ, ಮುಂಗಾರು ಮಳೆಗೆ ಇನ್ನೂ ಒಂದೆರಡು ತಿಂಗಳಿರುವಾಗ ಬರುವ ಈ ದಿನಕ್ಕಿಂತ ಹಳೆಯ ಲೆಕ್ಕ ಮುಗಿಸಿ ಹೊಸದನ್ನು ತೆರೆಯಲು ಅನುಕೂಲವಾದ ಹೊತ್ತು ಬೇರೊಂದಿರಲಿಲ್ಲ. ದೊಡ್ಡ ಒಕ್ಕಲಿನ ಮನೆಗಳು ಸಂಬಳದಾಳುಗಳನ್ನು, ಎಂದರೆ ವರ್ಷಪೂರ್ತಿ ಮನೆಯ ದನ, ಹೊಲ ಮತ್ತು ಗಳೆಯನ್ನು ನೋಡಿಕೊಳ್ಳುವ ಆಳುಗಳನ್ನು, ಉಗಾದಿಯಿಂದ ಉಗಾದಿಗೆ ಗೊತ್ತುಮಾಡಿಕೊಳ್ಳುತ್ತಿದ್ದವು. ಗಳೆ ಎಂದರೆ ಎತ್ತು ಹೂಡಿ ನಡೆಸುವ ನೇಗಿಲು, ಕುಂಟೆ, ಕೂರಿಗೆಗಳ ಒಟ್ಟು ಕೆಲಸ. ಕೂಲಿಯ ಒಂದು ಪಾಲು ಹಣವಾಗಿಯೂ ಇನ್ನೊಂದು ಪಾಲು ಜೋಳವಾಗಿಯೂ ಸಲ್ಲುತ್ತಿತ್ತು; ಊಟ, ಕಂಬಳಿ, ಧೋತರ, ಕಾಲ್ಮರಿಗಳು ಮಾತಿಗೆ ಸೇರಿರುತ್ತಿದ್ದವು. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಮೊದಲಾದ ಆಯಗಾರರಿಗೆ, ಅಂದರೆ ಊರಿನ ಒಕ್ಕಲುಗಳಿಗೆ ವರ್ಷವಿಡೀ ಕೆಲಸ ಮಾಡಿಕೊಟ್ಟು ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲನ್ನು ಪಡೆಯುವ ಕಸುಬುದಾರರಿಗೆ, ಹೀಗೆ ವರ್ಷದ ಲೆಕ್ಕವೇ ಇತ್ತು. ಬಾಯಿಮಾತಿನ ಈ ಕರಾರುಗಳಲ್ಲಿ ದಿನಕ್ಕೆ ಇಷ್ಟು ತಾಸು ಎಂಬ ಷರತ್ತು ಎಲ್ಲಿಯೂ ಇರುತ್ತಿರಲಿಲ್ಲ. ತಾಸು ಎಣಿಸುವ ಕೆಲಸವನ್ನು ಬಿಸಿಲೂ ಎತ್ತಿನ ದಣಿವೂ ಮಾಡುತ್ತಿದ್ದವು. ಬೇಸಗೆಯಲ್ಲಿ ನಸುಕಿಗೆ ಮುಂಚೆ ಹೂಡಿದ ಗಳೆಯನ್ನು ಬಿಸಿಲೇರುವ ಹೊತ್ತಿಗೆ ಬಿಡಬೇಕಾಗುತ್ತಿತ್ತು, ಬಿಡದಿದ್ದರೆ ಎತ್ತು ಮಲಗಿಬಿಡುತ್ತಿತ್ತು. ಹೊಲದ ಅಳತೆಗೂ ಎತ್ತಿನ ಶಕ್ತಿಯೇ ಆಧಾರವಾಗಿದ್ದಿತು. ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತಬಹುದಾದಷ್ಟು ನೆಲವನ್ನು ಒಂದು ಕೂರಿಗೆ ಭೂಮಿ ಎಂದು ಕರೆಯುತ್ತಿದ್ದುದು ಇದಕ್ಕೆ ಸಾಕ್ಷಿಯಾಗಿದೆ.

ಹಬ್ಬದ ಆಚರಣೆಯಲ್ಲೂ ಮೈಯ ಆರೈಕೆಯ ಅಂಶ ಸ್ಪಷ್ಟವಾಗಿ ಕಾಣುತ್ತದೆ. ಎಣ್ಣೆ ಹಚ್ಚಿಕೊಂಡು, ಬೇವಿನ ಎಲೆ ಹಾಕಿ ಕಾಸಿದ ನೀರಿನಲ್ಲಿ ಮೀಯುವುದು, ಬೇವಿನ ಹೂವು, ಬೆಲ್ಲ, ಹುಣಸೆ, ಪುಟಾಣಿ ಹಿಟ್ಟು ಮೊದಲಾದವನ್ನು ನೀರಿನಲ್ಲಿ ಕಲಸಿ ಬೇವು ಕುಡಿಯುವುದು ಧಾರವಾಡ ಹಾವೇರಿ ಭಾಗದ ರೂಢಿ. ಹಳೆಯ ಮೈಸೂರು ಸೀಮೆಯ ಬೇವುಬೆಲ್ಲ ತಿನ್ನುವ ಬಗೆಗಿಂತ ಇದು ಬೇರೆ. ಕನ್ನಡ ನಾಡಿನ ಹಲವು ಕಡೆ ಅಂದೇ ಹೊನ್ನಾರು ಹೂಡುತ್ತಾರೆ, ಅಂದರೆ ಎತ್ತುಗಳನ್ನು ಸಿಂಗರಿಸಿ ವರ್ಷದ ಮೊದಲ ಸಾಲನ್ನು ಪೂಜೆಯ ರೂಪದಲ್ಲಿ ಉಳುತ್ತಾರೆ. ದಿನದ ಊಟಕ್ಕೂ ಕೆಲಸಕ್ಕೂ ಗಟ್ಟಿ ಸಂಬಂಧವಿತ್ತು. ಮುಂಜಾನೆಯ ನ್ಯಾರಿ, ಅಂದರೆ ಹೊಲದ ಕೆಲಸದ ನಡುವೆ ತಿನ್ನುವ ಮೊದಲ ತಿನಿಸು, ಮತ್ತು ಮಧ್ಯಾಹ್ನದ ಬುತ್ತಿ, ಅಂದರೆ ಮನೆಯ ಹೆಂಗಸರು ಹೊತ್ತು ತರುವ ರೊಟ್ಟಿ, ಪಲ್ಯ, ಹಿಂಡಿ, ಮಜ್ಜಿಗೆಯ ಗಂಟು, ಹಸಿವನ್ನು ಹಿಂಗಿಸುವುದರ ಜೊತೆಗೆ ಕೆಲಸವನ್ನು ಕಡ್ಡಾಯವಾಗಿ ನಿಲ್ಲಿಸುತ್ತಿದ್ದವು. ಬುತ್ತಿ ಬಂದ ಮೇಲೆ ಗಳೆ ಹೊಡೆಯುವವನೂ ಕಳೆ ತೆಗೆಯುವವರೂ ಒಟ್ಟಿಗೆ ಬೇವಿನ ಮರದ ನೆರಳಿಗೆ ಬರಲೇಬೇಕಿತ್ತು, ಏಕೆಂದರೆ ಒಬ್ಬರು ಮಾತ್ರ ಹೊಲದಲ್ಲಿ ಉಳಿದರೆ ಉಳಿದವರ ಊಟ ಕೆಡುತ್ತಿತ್ತು.

ಬಿಡುವಿನ ಈ ಕ್ರಮದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ್ದುದು ಸೋಮವಾರದ ಕಟ್ಟಳೆ. ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲ ಮೇಲೆ ನೊಗ ಇಡಬಾರದು ಎಂಬುದು ಉತ್ತರ ಕರ್ನಾಟಕದ ಒಕ್ಕಲಿಗರಲ್ಲಿ ಜಾತಿಭೇದವಿಲ್ಲದೆ ನಡೆದು ಬಂದ ನಿಯಮ. ಇದರ ಹಿಂದೆ ಜನಪದರು ಹೇಳುವ ಒಂದು ಕಥೆಯಿದೆ. ದಿನಕ್ಕೆ ಮೂರು ಸಲ ಮಿಂದು ಒಂದು ಸಲ ಉಣ್ಣಿರೆಂದು ಭೂಮಿಯ ಜನರಿಗೆ ಹೇಳಿ ಬಾ ಎಂದು ಶಿವನು ಬಸವನನ್ನು ಕಳಿಸಿದಾಗ, ಅವನು ಮರೆತು ಒಂದು ಸಲ ಮಿಂದು ಮೂರು ಸಲ ಉಣ್ಣಿರೆಂದು ಸಾರಿದನಂತೆ. ಹೆಚ್ಚಾದ ಆ ಎರಡು ಊಟಗಳ ಕಾಳನ್ನು ನೀನೇ ದುಡಿದು ಬೆಳೆದು ಕೊಡು ಎಂದು ಶಿವನು ಅವನನ್ನು ಭೂಮಿಗೆ ಅಟ್ಟಿದನಂತೆ. ಮನುಷ್ಯನ ಹೊಟ್ಟೆಯ ಸಾಲವನ್ನು ಎತ್ತು ತೀರಿಸುತ್ತಿದೆ ಎಂಬ ಅರಿವು ಈ ಕಥೆಯ ಒಳಗಿದೆ, ಮತ್ತು ಸೋಮವಾರದ ಬಿಡುವು ಆ ಋಣಕ್ಕೆ ಸಲ್ಲಿಸುವ ಕನಿಷ್ಠ ಮರ್ಯಾದೆ. ಫಲ ಮಾತ್ರ ಎತ್ತಿಗಷ್ಟೇ ಸೀಮಿತವಾಗಿರಲಿಲ್ಲ: ಎತ್ತು ನಿಂತ ದಿನ ಅದನ್ನು ಹೊಡೆಯುವ ಆಳಿಗೂ ಗಳೆಯ ಕೆಲಸ ನಿಲ್ಲುತ್ತಿತ್ತು. ಮನುಷ್ಯನಿಗೆ ರಜೆ ಬೇಡುವ ಧೈರ್ಯ ಆಳಿಗಿರಲಿಲ್ಲ, ದನಕ್ಕೆ ರಜೆ ಕೊಡದಿರುವ ಧೈರ್ಯ ಒಡೆಯನಿಗಿರಲಿಲ್ಲ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಲ್ಲಿ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಯುವುದು, ಅಂದರೆ ಅಡ್ಡಲಾಗಿ ಕಟ್ಟಿದ ತೋರಣವನ್ನು ಓಡುವ ಎತ್ತುಗಳಿಂದ ಹರಿಸುವುದು, ಅದರ ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತುಗಳನ್ನು ಪೂಜಿಸುವುದು ಇದೇ ಭಾವದ ಮುಂದುವರಿಕೆಗಳು. ಅದೇ ಸೀಮೆ ದೀಪಾವಳಿಯ ದಿನಗಳಲ್ಲಿ ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಜನರ ನಡುವೆ ಓಡಿಸಿ ಬೆದರಿಸುವುದಕ್ಕೂ ಹೆಸರಾಗಿರುವುದರಿಂದ, ಹಬ್ಬವಾದುದೆಲ್ಲವೂ ಬಿಡುವಾಗಿತ್ತೆಂದು ಭಾವಿಸಬೇಕಾಗಿಲ್ಲ. ಹೋರಿಗೂ ಅದನ್ನು ಹಿಡಿಯಹೋದವರಿಗೂ ಆ ದಿನಗಳು ಗಾಯದ ದಿನಗಳಾದ ನಿದರ್ಶನಗಳು ಕಡಿಮೆಯಲ್ಲ.

ಕಸುಬುದಾರರ ಬಿಡುವು ಅಮಾವಾಸ್ಯೆಗೆ ಸೇರಿತ್ತು. ಬಡಿಗರು, ಕಮ್ಮಾರರು, ಕಲ್ಲು ಕಟ್ಟುವವರು ಅಂದು ಉಳಿ, ಸುತ್ತಿಗೆ ಮುಟ್ಟುತ್ತಿರಲಿಲ್ಲ. ಗೌಂಡಿಗಳು ಇಂದಿಗೂ ಅಮಾವಾಸ್ಯೆಯಂದು ಕೆಲಸಕ್ಕೆ ಬರುವುದಿಲ್ಲವೆಂಬುದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಸಂಗತಿ. ರಾಣೆಬೆನ್ನೂರು ತಾಲ್ಲೂಕಿನ ತುಮ್ಮಿನಕಟ್ಟಿ ಕೈಮಗ್ಗದ ನೇಕಾರಿಕೆಗೆ ಹೆಸರಾದ ಊರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು, ಹಲಗೆಗಳನ್ನು ಕಾಲಿನಿಂದ ಒತ್ತುತ್ತ, ಲಾಳಿಯನ್ನು ಕೈಯಿಂದ ಎಸೆಯುತ್ತ, ನೂಲಿನ ಮೇಲೆ ದೃಷ್ಟಿ ನೆಟ್ಟು ದಿನವಿಡೀ ಬಾಗಿ ಕೂರುವ ಕುಣಿಮಗ್ಗದ ಕೆಲಸದಲ್ಲಿ ಸೊಂಟ, ಮೊಣಕಾಲು, ಕಣ್ಣುಗಳ ಮೇಲೆ ಬೀಳುವ ಭಾರವನ್ನು ನೆನೆದರೆ ಮಗ್ಗ ನಿಲ್ಲುವ ಒಂದು ದಿನದ ಬೆಲೆ ತಿಳಿಯುತ್ತದೆ. ಅಮಾವಾಸ್ಯೆಯನ್ನು ಅಶುಭವೆಂದು ಬಿಟ್ಟರೋ, ಮೈ ದಣಿಯಿತೆಂದು ಬಿಟ್ಟು ಆಮೇಲೆ ಅಶುಭದ ಕಾರಣ ಕೊಟ್ಟರೋ ಎಂಬುದನ್ನು ಬಗೆಹರಿಸುವುದು ಅಗತ್ಯವಿಲ್ಲ. ಅಶುಭದ ಅಂಜಿಕೆಯಿಂದ ಬಂದ ಬಿಡುವನ್ನು ಗಿರಾಕಿ ಪ್ರಶ್ನಿಸುತ್ತಿರಲಿಲ್ಲ, ದಣಿವಿನ ಮಾತಾಡಿದ್ದರೆ ಪ್ರಶ್ನಿಸುತ್ತಿದ್ದನು. ಮಹಾನವಮಿಯ ಆಯುಧಪೂಜೆಯೂ ಕಸುಬಿನ ಸಲಕರಣೆಗಳಿಗೆ ಹೀಗೆಯೇ ಒಂದು ದಿನದ ವಿರಾಮವನ್ನು ದೊರಕಿಸಿತು.

ಇಡೀ ಊರಿಗೆ ಒಟ್ಟಿಗೆ ಅನ್ವಯಿಸುತ್ತಿದ್ದ ಇನ್ನೊಂದು ಪದ್ಧತಿಯೆಂದರೆ ವಾರ ಹಿಡಿಯುವುದು. ಮಳೆ ತಡವಾದಾಗ, ರೋಗರುಜಿನ ಹಬ್ಬಿದಾಗ ಅಥವಾ ದ್ಯಾಮವ್ವ, ದುರ್ಗವ್ವರ ಜಾತ್ರೆ ಹತ್ತಿರವಾದಾಗ ಊರಿನ ಹಿರಿಯರು ಕೂಡಿ, ಇಷ್ಟು ಮಂಗಳವಾರ ಅಥವಾ ಶುಕ್ರವಾರಗಳಂದು ಯಾರೂ ಹೊಲದ ಕೆಲಸಕ್ಕೆ ಹೋಗತಕ್ಕದ್ದಲ್ಲವೆಂದು ಗೊತ್ತುಮಾಡಿ ಡಂಗುರ ಸಾರಿಸುತ್ತಿದ್ದರು. ಹಲವು ಊರುಗಳಲ್ಲಿ ಇಂಥ ವಾರಗಳ ಸಂಖ್ಯೆ ಐದು. ಮುರಿದವರಿಗೆ ದಂಡವಿತ್ತು. ನಂಬಿಕೆಯ ಮಾತು ಏನೇ ಇರಲಿ, ಕೂಲಿಗೆ ಹೋಗುವವನೂ ಕೂಲಿ ಕೊಡುವವನೂ ಒಂದೇ ದಿನ ಮನೆಯಲ್ಲಿ ಉಳಿಯುವ ಏರ್ಪಾಟು ಇದರಿಂದ ಸಾಧ್ಯವಾಯಿತು. ಒಬ್ಬನು ಬಿಡುವು ಮಾಡಿಕೊಂಡಾಗ ಇನ್ನೊಬ್ಬನು ಹೊಲಕ್ಕಿಳಿದು ಮುಂದೆ ಹೋಗುತ್ತಾನೆಂಬ ಆತಂಕಕ್ಕೆ ಇಲ್ಲಿ ಅವಕಾಶವಿರಲಿಲ್ಲ. ಮುಯ್ಯಾಳಿನ ಪದ್ಧತಿಯೂ, ಎಂದರೆ ಇಂದು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಒಪ್ಪಂದದ ದುಡಿಮೆಯೂ, ಕೆಲಸದ ಭಾರವನ್ನು ಇದೇ ರೀತಿ ಹಂಚುತ್ತಿತ್ತು. ಹಳೆಯ ಕ್ರಮದಿಂದ ಇಂದಿಗೆ ಕಲಿಯಬಹುದಾದ ಮುಖ್ಯ ಸಂಗತಿ ಈ ಸಾಮುದಾಯಿಕತೆಯಲ್ಲಿಯೇ ಇದೆಯೆಂದು ತೋರುತ್ತದೆ.

ಹೆಂಗಸರ ಪಾಲಿಗೆ ಈ ಕ್ರಮ ಬಹಳ ಜಿಪುಣವಾಗಿತ್ತು. ಸೋಮವಾರ ಎತ್ತು ನಿಂತರೂ ಒಲೆ ನಿಲ್ಲಲಿಲ್ಲ. ಅಮಾವಾಸ್ಯೆಗೆ ಉಳಿ ಮುಟ್ಟದ ಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುವವರು ಇದ್ದೇ ಇದ್ದರು. ನಸುಕಿಗೆ ಗಳೆ ಹೂಡುವ ಮುನ್ನ ಬೀಸುವಕಲ್ಲಿನ ಮುಂದೆ ಕುಳಿತವರಿಗೆ ದಿನ ಇನ್ನೂ ಬೇಗ ತೊಡಗಿರುತ್ತಿತ್ತು. ಅವರಿಗೆ ದಕ್ಕಿದ ದೊಡ್ಡ ಬಿಡುವೆಂದರೆ ಶ್ರಾವಣದ ನಾಗರ ಪಂಚಮಿ. ಧಾರವಾಡ, ಹಾವೇರಿ, ಗದಗ ಸೀಮೆಗಳಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬಂದು, ಗಂಡನ ಮನೆಯ ಸೊಸೆ ತವರಿನ ಮಗಳಾಗಿ, ಉಂಡಿ ತಿಂದು, ಜೋಕಾಲಿ ಆಡಿ ನಾಲ್ಕಾರು ದಿನ ಕಳೆಯುವ ಅವಕಾಶ ಅದು. ಪಂಚಮಿಯಂದು ನೆಲ ಅಗೆಯಬಾರದು, ಕೊಯ್ಯಬಾರದು, ಕರಿಯಬಾರದು ಎಂಬ ನಿಷೇಧಗಳು ನಾಗನ ಹೆಸರಿನಲ್ಲಿ ಹೊಲವನ್ನೂ ಅಡುಗೆಮನೆಯನ್ನೂ ಒಂದಿಷ್ಟು ಹೊತ್ತು ಹಗುರ ಮಾಡಿದವು. ವರ್ಷದ ಉಳಿದ ದಿನಗಳ ಜೊತೆ ಹೋಲಿಸಿದರೆ ಇದು ತೀರ ಕಡಿಮೆ. ತವರಿನಲ್ಲಿ ಕರೆಯುವವರಿಲ್ಲದ ಹೆಣ್ಣಿಗೆ ಅದೂ ಇರಲಿಲ್ಲ.

ಪಂಚಾಂಗದ ಈ ಆಳ್ವಿಕೆಯನ್ನು ಇದೇ ನೆಲದಲ್ಲಿ ಪ್ರಶ್ನಿಸಿದವರೂ ಇದ್ದರು. ರಾಣೆಬೆನ್ನೂರು ತಾಲ್ಲೂಕಿನ, ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದೊಂದಿಗೆ ಹೆಸರು ಬೆಸೆದುಕೊಂಡಿರುವ ಅಂಬಿಗರ ಚೌಡಯ್ಯನು 12ನೆಯ ಶತಮಾನದ ಶರಣ. ದೋಣಿ ನಡೆಸುವುದು ಅವನ ಕಾಯಕ, ಅಂದರೆ ಪೂಜೆಗೆ ಸಮನೆಂದು ಭಾವಿಸಿ ಮೈಮುಟ್ಟಿ ಮಾಡುವ ಕೆಲಸ. ಶರಣರು ವಾರ, ತಿಥಿ, ನಕ್ಷತ್ರಗಳ ಶುಭಾಶುಭವನ್ನು ಒಪ್ಪಲಿಲ್ಲ, ಮತ್ತು ಹೊಳೆ ದಾಟಬೇಕಾದ ಜನರು ಎದುರು ದಂಡೆಯಲ್ಲಿ ನಿಂತಿರುವಾಗ ಅಂಬಿಗನಿಗೆ ಅಮಾವಾಸ್ಯೆ ಹುಡುಕುವುದು ಸಾಧ್ಯವೂ ಇರಲಿಲ್ಲ. ಆದರೂ ಕಾಯಕದ ತತ್ವವನ್ನು ಎಡೆಬಿಡದ ದುಡಿಮೆಯ ಹೊಗಳಿಕೆಯೆಂದು ಓದುವುದು ತಪ್ಪಾಗುತ್ತದೆ. ಇನ್ನೊಬ್ಬ ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಮಡದಿ ಲಕ್ಕಮ್ಮ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಹೆಚ್ಚಿನದನ್ನು ಮರಳಿ ಒಯ್ಯಲು ಹೇಳಿದ ಪ್ರಸಂಗವು, ದುಡಿಮೆಯ ಮಿತಿಯನ್ನು ದಿನದ ಲೆಕ್ಕಕ್ಕಿಂತ ಅಗತ್ಯದ ಲೆಕ್ಕದಲ್ಲಿ ಗೊತ್ತುಮಾಡಿದ ನಿಲುವನ್ನು ತೋರಿಸುತ್ತದೆ. ಈ ಎರಡನೆಯ ಮಿತಿ ಪಾಲಿಸಲು ಹೆಚ್ಚು ಕಷ್ಟವಾದದ್ದು, ಹಾಗಾಗಿಯೇ ಪಂಚಾಂಗದ ಮಿತಿಯೇ ಹಳ್ಳಿಗಳಲ್ಲಿ ಉಳಿಯಿತು.

ಹಳೆಯ ಕ್ರಮದ ಕರಾಳ ಮಗ್ಗುಲು ಜೀತ. ಉಗಾದಿಯ ದಿನ ಮುಂಗಡವಾಗಿ ಪಡೆದ ಹಣ ಮುಂದಿನ ಉಗಾದಿಗೆ ತೀರದಿದ್ದಾಗ ಕರಾರು ತಾನಾಗಿ ಇನ್ನೊಂದು ವರ್ಷಕ್ಕೆ ಬೆಳೆಯುತ್ತಿತ್ತು, ಮದುವೆಗೋ ಮದ್ದಿಗೋ ತಂದ ಸಾಲ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಒಕ್ಕಲಿನ ಮನೆಗೆ ಹೊಸ ಲೆಕ್ಕದ ದಿನವಾದ ಉಗಾದಿ ಅಂಥ ಆಳಿನ ಪಾಲಿಗೆ ಹಳೆಯ ಲೆಕ್ಕವೇ ಮುಂದುವರಿಯುವ ದಿನವಾಗಿತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಂಥ ಸಾಲಗಳನ್ನು ಅನೂರ್ಜಿತಗೊಳಿಸಿತು. ಸೋಮವಾರದ ನೆರಳಿನಲ್ಲಿ ಆಳಿಗೆ ಸಿಕ್ಕ ವಿಶ್ರಾಂತಿಯನ್ನು ಹೊಗಳುವಾಗ, ಅದೇ ಆಳಿಗೆ ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯವಿರಲಿಲ್ಲವೆಂಬುದನ್ನು ಮರೆಯುವ ಬರಹಗಳು ಸಾಕಷ್ಟಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿ ಈ ಸೀಮೆಯ ಕೆಲಸದ ಲಯವನ್ನು ಬದಲಿಸಿತು. ಆಗ ಹಾವೇರಿ, ರಾಣೆಬೆನ್ನೂರು ಭಾಗಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಈಗಿನ ಹಾವೇರಿ ಜಿಲ್ಲೆ ರೂಪುಗೊಂಡದ್ದು 1997ರ ಆಗಸ್ಟ್ 24ರಂದು. ಅಂದಿನ ಧಾರವಾಡ ಜಿಲ್ಲೆಯ ಹೆಂಗಸರು ಕುಮಟಾ ಹತ್ತಿಯೆಂದು ಹೆಸರಾಗಿದ್ದ ನಾಡಹತ್ತಿಯ ಬೀಜ ಬೇರ್ಪಡಿಸುತ್ತಿದ್ದ ಬಗೆ ವಿಶಿಷ್ಟವಾಗಿತ್ತು: ಗಿಡ್ಡ ಪೀಠದ ಮೇಲೆ ಕುಳಿತು, ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಅದರ ಮೇಲೆ ಕಬ್ಬಿಣದ ಸರಳನ್ನು ಎರಡೂ ಪಾದಗಳಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ ಬೀಜ ಹೊರಬರುವಂತೆ ಮಾಡುತ್ತಿದ್ದರು. ಕಾಲಿನ ಈ ಕೆಲಸ ನಿಧಾನದ್ದು, ದಣಿವಿನದ್ದು, ಆದರೆ ನಿಲ್ಲಿಸುವುದು ಮಾಡುವವರ ಕೈಯಲ್ಲಿದ್ದ ಕೆಲಸ. 1840ರ ದಶಕದಲ್ಲಿ ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿಯ ಪ್ರಯೋಗಗಳು ನಡೆದ ಮೇಲೆ ಧಾರವಾಡ ಅಮೆರಿಕನ್ ಎಂಬ ಬೆಳೆ ಹಬ್ಬಿತು. ಅದಕ್ಕೆ ತಕ್ಕ ಹಲ್ಲುಗಾಲಿಯ ಯಂತ್ರಗಳೂ ಬಂದವು. 1880ರ ದಶಕದ ಕೊನೆಯ ಹೊತ್ತಿಗೆ ದಕ್ಷಿಣ ಮರಾಠಾ ರೈಲು ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೂಲಕ ಹರಿಹರಕ್ಕೆ ಓಡತೊಡಗಿದಾಗ ಪೇಟೆಗೆ ಗಡಿಯಾರದ ವೇಳೆಯೂ ಬಂದಿತು. ಹೊರೆಯನ್ನು ರೈಲಿಗೆ ತಲುಪಿಸಬೇಕಾದ ಜಿನ್ನಿಗೆ, ಅಂದರೆ ಹತ್ತಿ ಬೀಜ ಬಿಡಿಸುವ ಗಿರಣಿಗೆ, ಸೋಮವಾರವೂ ಒಂದೇ, ಅಮಾವಾಸ್ಯೆಯೂ ಒಂದೇ. ನೊಗ ಹೊರುವ ಹೆಗಲಿಲ್ಲದ ಯಂತ್ರಕ್ಕೆ ಬಿಡುವು ಕೊಡಬೇಕೆಂದು ಯಾವ ದೇವರೂ ಹೇಳಿರಲಿಲ್ಲ.

ಹೀಗೆ ತೆರವಾದ ಜಾಗಕ್ಕೆ ಕಾಯ್ದೆ ಬರಬೇಕಾಯಿತು, ಬಂದದ್ದು ತಡವಾಗಿ ಮತ್ತು ತುಣುಕು ತುಣುಕಾಗಿ. 1881ರ ಮೊದಲ ಕಾರ್ಖಾನೆ ಕಾಯ್ದೆ ನೂರು ಮತ್ತು ಹೆಚ್ಚು ಕೆಲಸಗಾರರಿದ್ದ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸಿ, 7ರಿಂದ 12 ವರ್ಷದ ಮಕ್ಕಳ ದುಡಿಮೆಯನ್ನು ದಿನಕ್ಕೆ 9 ತಾಸಿಗೆ ಮಿತಿಗೊಳಿಸಿತು. ವರ್ಷದಲ್ಲಿ ನಾಲ್ಕು ತಿಂಗಳು ಕೂಡ ನಡೆಯದ ಕಾರ್ಖಾನೆಗಳನ್ನು ಅದು ಹೊರಗಿಟ್ಟಿದ್ದರಿಂದ ಸುಗ್ಗಿಯಲ್ಲಷ್ಟೇ ಓಡುವ ಜಿನ್ನುಗಳು ಸುಲಭವಾಗಿ ನುಣುಚಿಕೊಳ್ಳಬಹುದಿತ್ತು. ಇಂಥ ಋತುಮಾನದ ಕಾರ್ಖಾನೆಗಳು ಕಾಯ್ದೆಯ ತೆಕ್ಕೆಗೆ ಬಂದದ್ದು 1911ರಲ್ಲಿ. ವಾರದ ರಜೆಯ ಹೋರಾಟ ನಡೆದದ್ದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ. ಜೋತಿಬಾ ಫುಲೆಯವರ ಸಂಗಡಿಗರಾದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕೆಲಸಗಾರರನ್ನು ಸಂಘಟಿಸಿ ಭಾನುವಾರದ ರಜೆ ಕೇಳಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಅದಕ್ಕೆ ಒಪ್ಪಿದರು. 1891ರ ಕಾಯ್ದೆ ವಾರದ ರಜೆಯನ್ನೂ ಹೆಂಗಸರಿಗೆ ದಿನಕ್ಕೆ 11 ತಾಸಿನ ಮಿತಿಯನ್ನೂ ವಿಧಿಸಿತು. ಭಾನುವಾರವೇ ಏಕೆ ಎಂಬುದಕ್ಕೆ ಅದು ಖಂಡೋಬನ ವಾರ ಎಂಬ ಸಮರ್ಥನೆಯನ್ನು ಲೋಖಂಡೆ ಕೊಟ್ಟರೆಂದು ಹೇಳಲಾಗುತ್ತದೆ. ಮರಾಠಿಗರ ಖಂಡೋಬನೇ ಕನ್ನಡಿಗರ ಮೈಲಾರಲಿಂಗ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಅವನ ಹೆಸರಾಂತ ಕ್ಷೇತ್ರಗಳಲ್ಲೊಂದು, ಭಾನುವಾರ ಇಲ್ಲಿಯೂ ಅವನ ವಾರ. ಇಂಗ್ಲಿಷರ ಕೊಡುಗೆಯೆಂದು ಸಾಮಾನ್ಯವಾಗಿ ಭಾವಿಸಲಾಗುವ ರಜೆಯ ಬೇಡಿಕೆಯಲ್ಲಿಯೂ ಕಾರ್ಮಿಕ ನಾಯಕನೊಬ್ಬ ದೇವರ ವಾರದ ಆಸರೆ ಪಡೆದುದು ಗಮನಾರ್ಹ, ಏಕೆಂದರೆ ಹಲಗೇರಿ ಸೀಮೆಯ ಒಕ್ಕಲುಗಳು ಎತ್ತಿನ ವಿಷಯದಲ್ಲಿ ಮಾಡಿದ್ದೂ ಅದನ್ನೇ.

ಇದರ ಮುಂದಿನ ತಲೆಮಾರುಗಳಲ್ಲಿ ದಿನಚರಿಯ ಶಿಸ್ತಿನ ಇನ್ನೊಂದು ಮಾದರಿ ಗಾಂಧೀಜಿಯ ಆಶ್ರಮದಿಂದ ಈ ಸೀಮೆಗೆ ಬಂದಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದ ಕನ್ನಡಿಗರು. ಸಾಬರಮತಿಯಲ್ಲಿ ಎದ್ದೇಳುವುದು, ಪ್ರಾರ್ಥನೆ, ನೂಲುವುದು, ಕಸ ತೆಗೆಯುವುದು, ಊಟ ಎಲ್ಲಕ್ಕೂ ಗೊತ್ತಾದ ವೇಳೆಯಿತ್ತು, ಮತ್ತು ಆ ವೇಳೆ ಆಶ್ರಮದ ಎಲ್ಲರಿಗೂ ಸಮಾನವಾಗಿತ್ತು. ಖಾದಿ ಕೇಂದ್ರಗಳ ಮೂಲಕ ಅದರ ಒಂದಂಶ ಹಳ್ಳಿಗಳನ್ನು ಮುಟ್ಟಿತಾದರೂ ಅದು ವ್ರತ ಹಿಡಿದವರ ಶಿಸ್ತಾಗಿತ್ತು. ಕೂಲಿಗೆ ದುಡಿಯುವವರ ದಿನವನ್ನು ಬದಲಿಸುವಷ್ಟು ಅದು ಹರಡಲಿಲ್ಲ.

ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ತಾಸು, ದಿನಕ್ಕೆ 9 ತಾಸು ಎಂಬ ಮಿತಿಯನ್ನೂ, ಎಡೆಬಿಡದೆ 5 ತಾಸು ದುಡಿದ ಮೇಲೆ ಅರ್ಧ ತಾಸಿನ ವಿರಾಮವನ್ನೂ, ವಾರಕ್ಕೊಂದು ರಜೆಯನ್ನೂ, 20 ದಿನ ದುಡಿದವರಿಗೆ ಒಂದು ದಿನದಂತೆ ಸಂಬಳಸಹಿತ ರಜೆಯನ್ನೂ ವಿಧಿಸಿತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪೇಟೆಯ ಅಂಗಡಿಗಳ ನೌಕರರಿಗೂ ವಾರದ ರಜೆಯನ್ನು ಒದಗಿಸಿತು. ಕಾಗದದ ಮೇಲೆ ಇದು ಸೋಮವಾರ, ಅಮಾವಾಸ್ಯೆಗಳಿಗಿಂತ ಉದಾರವಾದ ಏರ್ಪಾಟು. ತೊಡಕು ಇರುವುದು, ಈ ಸೀಮೆಯ ಬಹುಪಾಲು ಹೊಸ ದುಡಿಮೆ ಕಾರ್ಖಾನೆಯೂ ಅಲ್ಲದ, ಹಳೆಯ ಒಕ್ಕಲುತನವೂ ಅಲ್ಲದ ನಡುವಿನ ಜಾಗದಲ್ಲಿ ಬೆಳೆದುದರಲ್ಲಿ.

ಆ ನಡುವಿನ ಜಾಗಕ್ಕೆ ಬೀಜೋತ್ಪಾದನೆ ಮೊದಲ ಉದಾಹರಣೆ. ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಎಂಬ ಅಂತರಪ್ರಭೇದ ಹತ್ತಿ ತಳಿಯನ್ನು ರೂಪಿಸಿದ ಮೇಲೆ ಮಿಶ್ರತಳಿ ಬೀಜದ ಬೇಡಿಕೆ ಏರಿ, ರಾಣೆಬೆನ್ನೂರು ಬೀಜದ ವ್ಯವಹಾರದ ದೊಡ್ಡ ಕೇಂದ್ರವಾಗಿ ಬೆಳೆಯಿತು. ಮಿಶ್ರತಳಿಯ ಬೀಜ ಬೇಕಾದರೆ ಮರುದಿನ ಅರಳಲಿರುವ ಮೊಗ್ಗಿನಿಂದ ಪರಾಗದ ಭಾಗಗಳನ್ನು ಸಂಜೆಯೇ ಕೈಯಿಂದ ಬಿಡಿಸಿ, ಮರುದಿನ ಮುಂಜಾನೆ ಗಂಡು ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಒಂದು ಮುಂಜಾನೆ ತಪ್ಪಿದರೆ ಆ ಹೂವು ಹೋಯಿತು. ಹೂ ಬಿಡುವ ವಾರಗಳಲ್ಲೆಲ್ಲ ಹೆಂಗಸರು, ಬಹುಕಾಲ ಮಕ್ಕಳು ಕೂಡ, ಗಿಡದ ಎತ್ತರಕ್ಕೆ ಬಾಗಿ ದಿನವೂ ಈ ಕೆಲಸ ಮಾಡಿದರು, ಅದೂ ಕೀಟನಾಶಕ ಸಿಂಪಡಿಸಿದ ಹೊಲದಲ್ಲಿ. ಹೂವಿಗೆ ಸೋಮವಾರವಿಲ್ಲ. ಊರಿನ ವಾರ ಹಿಡಿಯುವ ಕಟ್ಟಳೆಗೂ ಕಂಪನಿಯ ಬೀಜದ ಕರಾರಿಗೂ ತಿಕ್ಕಾಟ ಬಂದ ಕಡೆ ಕರಾರಿನ ಕೈ ಮೇಲಾಗುವುದು ಸಹಜವಾಗಿತ್ತು, ಏಕೆಂದರೆ ಬೀಜದ ಹೊಲದಲ್ಲಿ ಒಂದು ದಿನದ ಬಿಡುವಿನ ನಷ್ಟವನ್ನು ಸಣ್ಣ ಹಿಡುವಳಿದಾರ ಒಬ್ಬನೇ ಹೊರಬೇಕಿತ್ತು.

ಎರಡನೆಯ ಉದಾಹರಣೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಗಾಢ ಕೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂಬ ಬಗೆಗಳಿವೆ. ಇದರ ಬಣ್ಣದ ಸಾರವನ್ನು ತೆಗೆದು ಆಹಾರಕ್ಕೂ ತುಟಿಬಣ್ಣದಂಥ ಸೌಂದರ್ಯ ಸಾಧನಗಳಿಗೂ ಬಳಸುತ್ತಾರೆ. ಪೇಟೆಯ ಕೆಲಸದ ಬಹುಭಾಗ ಚೀಲ ಹೊರುವ ಹಮಾಲರದು ಮತ್ತು ಕಾಯಿಯನ್ನು ಆರಿಸಿ ತೊಟ್ಟು ಬಿಡಿಸುವ ಹೆಂಗಸರದು. ಖಾರ ಕಡಿಮೆಯೆಂಬ ಹೊಗಳಿಕೆ ಅಡುಗೆಗೆ ಸರಿ. ದಿನವಿಡೀ ಆ ರಾಶಿಯ ನಡುವೆ ಕುಳಿತವರ ಕಣ್ಣು, ಮೂಗು, ಗಂಟಲು, ಬೆರಳ ಸಂದಿಗಳು ಬೇರೆಯೇ ಮಾತು ಹೇಳುತ್ತವೆ. ಸೆರಗನ್ನು ಮೂಗಿಗೆ ಸುತ್ತಿಕೊಳ್ಳುವುದು, ಕೈಗೆ ಎಣ್ಣೆ ಸವರಿಕೊಳ್ಳುವುದು ಅವರು ತಾವೇ ಕಂಡುಕೊಂಡ ರಕ್ಷಣೆಗಳು. ಕೂಲಿ ತೂಕದ ಲೆಕ್ಕದಲ್ಲಿ ಸಿಗುವ ಕಡೆ ನೀರು ಕುಡಿಯಲು ಎದ್ದರೂ ಅದು ಕೂಲಿಯಿಂದ ಕಳೆದಂತೆಯೇ. ಹಿಂದೆ ಸುಗ್ಗಿಯ ತಿಂಗಳುಗಳಿಗೆ ಸೀಮಿತವಾಗಿದ್ದ ಈ ಕೆಲಸವನ್ನು ಶೀತಲಗೃಹಗಳು ಮಳೆಗಾಲದವರೆಗೂ ಎಳೆದಿವೆ. ಪೇಟೆಯ ಟೆಂಡರ್ ನಡೆಯುವ ವಾರಗಳು ಎರಡು, ಸೋಮವಾರ ಮತ್ತು ಗುರುವಾರ. ಹಳ್ಳಿಯಲ್ಲಿ ಎತ್ತಿನ ಹೆಗಲಿನಿಂದ ನೊಗ ಇಳಿಯುತ್ತಿದ್ದ ವಾರವೇ ಪೇಟೆಯಲ್ಲಿ ಹಮಾಲನ ಹೆಗಲಿಗೆ ಅತಿ ಹೆಚ್ಚು ಚೀಲ ಏರುವ ವಾರವಾಗಿದೆ.

ಟ್ರ್ಯಾಕ್ಟರ್ ಬಂದ ಮೇಲೆ ಸೋಮವಾರದ ಕಟ್ಟಳೆ ಹೊಲಗಳಲ್ಲಿಯೂ ಸಡಿಲವಾಯಿತು. ಎತ್ತಿರುವ ಮನೆಗಳು ಅದನ್ನು ಇಂದಿಗೂ ಪಾಲಿಸುತ್ತವೆ, ಬಾಡಿಗೆ ಟ್ರ್ಯಾಕ್ಟರ್ ಅದೇ ದಿನ ಅದೇ ಹೊಲದಲ್ಲಿ ರಾತ್ರಿಯವರೆಗೂ ಓಡುತ್ತದೆ, ಅದರ ಚಾಲಕನಿಗೆ ಯಾವ ವಾರವೂ ಇಲ್ಲ. ಹಳೆಯ ಕ್ರಮವನ್ನು ಇದ್ದಂತೆ ಮರಳಿ ತರುವುದು ಸಾಧ್ಯವೂ ಅಲ್ಲ, ಜೀತವನ್ನೂ ಹೆಂಗಸರ ಎಡೆಬಿಡದ ದುಡಿಮೆಯನ್ನೂ ಬಲ್ಲವರಿಗೆ ಅದು ಬೇಕಾದದ್ದೂ ಅಲ್ಲ. ಅದರಿಂದ ಉಳಿಸಿಕೊಳ್ಳಬಹುದಾದದ್ದು ಒಂದಿದೆ: ಬಿಡುವನ್ನು ಒಬ್ಬೊಬ್ಬರ ಮನೋಬಲಕ್ಕೆ ಬಿಡದೆ, ಎಲ್ಲರೂ ಕೂಡಿ ಗೊತ್ತುಮಾಡಿ, ಮೊದಲೇ ಸಾರಿ, ಮುರಿದವರನ್ನು ಕೇಳುವ ರೀತಿ. ಟೆಂಡರಿನ ವಾರಗಳನ್ನೂ ವೇಳೆಯನ್ನೂ ಗೊತ್ತುಮಾಡುವ ಅಧಿಕಾರ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೆ ಇದೆ. ಬೀಜದ ಕರಾರಿನ ಷರತ್ತುಗಳನ್ನು ಬರೆಯುವವರು ಕಂಪನಿಗಳೇ. ಈ ಉಗಾದಿಗೆ ಪೇಟೆಯ ಅಂಗಳದಲ್ಲಿ ಮಧ್ಯಾಹ್ನ ಒಂದು ತಾಸು ತೂಕದ ಕಾಟಾಗಳೆಲ್ಲ ಒಟ್ಟಿಗೆ ನಿಲ್ಲುವಂತೆ, ತೊಟ್ಟು ಬಿಡಿಸುವವರಿಗೆ ಗಾಳಿಯಾಡುವ ನೆರಳೂ ಮುಖಗವಸೂ ನೀರೂ ಇರುವಂತೆ, ಪಾಳಿಯ ಮೇಲೆ ವಾರಕ್ಕೊಂದು ದಿನ ಕೂಲಿಸಹಿತ ರಜೆ ಸಿಗುವಂತೆ ಸಮಿತಿಯೂ ವರ್ತಕರೂ ಹಮಾಲರ ಸಂಘಗಳೂ ಕುಳಿತು ಮಾತಾಡಲಿ, ಮಾತಾದುದನ್ನು ಬರೆದು ಪೇಟೆಯ ಬಾಗಿಲಿಗೆ ಹಚ್ಚಲಿ.